ಒಂದು ಕೆಮ್ಮಿಗೆ ಬಲಕ್ಕೆ, ಎರಡು ಕೆಮ್ಮಿಗೆ ಎಡಕ್ಕೆ

"ಎಂಟು ದಿವಸ ಸಾಕ್ರಿ" ಎಂದು ನಾನು ಹೇಳಿದ್ದು ಪ್ರಿನ್ಸಿಪಾಲರ ಕೋಣೆಯಲ್ಲಿ, ಕೈಯಲ್ಲಿ ಚಹಾದ ಕಪ್ಪು ಹಿಡಿದು, ಕಾಲ ಮೇಲೆ ಕಾಲು ಹಾಕಿಕೊಂಡು. ಕಾಲ ಮೇಲೆ ಕಾಲು ಹಾಕಿಕೊಂಡು ನಾನು ಆಡಿದ ಯಾವ ಮಾತೂ ಇಂದಿನವರೆಗೆ ನಿಜವಾಗಿಲ್ಲ. ಆದರೂ ಹಾಗೆ ಕೂತಾಗ ನನಗೆ ನನ್ನ ಮೇಲೆ ಅಪಾರ ವಿಶ್ವಾಸ ಬರುತ್ತದೆ, ಏನು ಮಾಡಲಿ.

ಸಂಗತಿ ಇಷ್ಟು. ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮುಲ್ಲಾ ಸರ್ ಎಂದರೆ ಎಲ್ಲರಿಗೂ ಗೊತ್ತು. ನಮ್ಮ ಲ್ಯಾಬಿನಲ್ಲಿ ಒಂದು ಆಸಿಲೋಸ್ಕೋಪ್ ಇದೆ. ವಿದ್ಯುತ್ತಿನ ಏರಿಳಿತವನ್ನು ಪುಟ್ಟ ತೆರೆಯ ಮೇಲೆ ಅಲೆಯಾಗಿ ಬರೆದು ತೋರಿಸುವ ಯಂತ್ರ ಅದು. ಅಲೆ ಹುಟ್ಟಿಸುವ ವ್ಯವಸ್ಥೆಯೂ ಅದರ ಹೊಟ್ಟೆಯೊಳಗೇ ಇದೆ. ಹನ್ನೊಂದು ವರ್ಷದಿಂದ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದುಕೊಂಡು ಬಂದವನು ನಾನು. ನನ್ನ ಹೊರತು ಯಾರೂ ಅದರ ಗುಂಡಿಗಳನ್ನು ಮುಟ್ಟಕೂಡದು. ನಾನು ತಿರುವುತ್ತೇನೆ, ವಿದ್ಯಾರ್ಥಿಗಳು ನೋಡುತ್ತಾರೆ. ಇದು ಲ್ಯಾಬಿನ ನಿಯಮ ಎಂದು ಗೋಡೆಯ ಬೋರ್ಡಿನ ಮೇಲೆ ಎಣ್ಣೆಬಣ್ಣದಲ್ಲಿ ನಾನೇ ಬರೆದಿದ್ದೇನೆ. ಒಮ್ಮೆ ಪ್ರಿನ್ಸಿಪಾಲರು ಕುತೂಹಲಕ್ಕೆ ಬೆರಳು ಮುಂದೆ ಮಾಡಿದಾಗಲೂ ಮರುಮಾತಿಲ್ಲದೆ ಬೋರ್ಡಿನ ಕಡೆ ಕೈ ತೋರಿಸಿದ್ದೆ. ಆ ಪ್ರಸಂಗವನ್ನು ಅವರು ಮರೆತಿಲ್ಲ ಎಂಬುದು ಈಗ ಗೊತ್ತಾಯಿತು.

ನಮ್ಮ ಸಂಸ್ಥೆಯದೇ ಇನ್ನೊಂದು ಕಾಲೇಜು ಮೂಡಲಗಿಯಲ್ಲಿದೆ. ಅಲ್ಲಿ ವಿದ್ಯಾರ್ಥಿಗಳಿದ್ದಾರೆ, ಲ್ಯಾಬಿದೆ, ಲ್ಯಾಬಿನಲ್ಲಿ ಒಳ್ಳೆಯ ಸಾಗವಾನಿ ಬೆಂಚುಗಳಿವೆ. ಬೆಂಚಿನ ಮೇಲೆ ಇಡಲು ಯಂತ್ರ ಮಾತ್ರ ಇಲ್ಲ. ಹೀಗಾಗಿ ಪ್ರತಿ ಶನಿವಾರ ಆ ಮಕ್ಕಳು ಬಸ್ಸು ಹಿಡಿದು ಗೋಕಾಕಕ್ಕೆ ಬಂದು ಪ್ರಯೋಗ ಮಾಡಬೇಕು. ಬಸ್ಸು ಕೈಕೊಟ್ಟ ದಿನ ಪ್ರಯೋಗವಿಲ್ಲ. ಅವರಲ್ಲಿ ನಾಗನೂರಿನ ಲಕ್ಷ್ಮೀ ಎಂಬ ಚುರುಕು ಹುಡುಗಿಯೊಬ್ಬಳು ಬಸ್ಸಿನ ದೆಸೆಯಿಂದ ಮೂರು ಪ್ರಯೋಗ ತಪ್ಪಿಸಿಕೊಂಡು, ನೇರವಾಗಿ ಪ್ರಿನ್ಸಿಪಾಲರಿಗೇ ಅರ್ಜಿ ಬರೆದಳು. ಮುಂದಿನ ಶನಿವಾರ ವಿಶ್ವವಿದ್ಯಾಲಯದ ಪರಿಶೀಲನಾ ಸಮಿತಿ ಮೂಡಲಗಿಗೆ ಬರುವುದಿತ್ತು.

"ಮುಲ್ಲಾ ಸರ್," ಎಂದರು ಪ್ರಿನ್ಸಿಪಾಲರು, "ಆ ಡಬ್ಬಿ ಮೂಡಲಗಿಗೆ ಹೋಗಬೇಕು. ಹೋದರ ಅದರ ಜೋಡಿ ನೀವೂ ಹೋಗಬೇಕು. ನಿಮ್ಮ ಬಿಟ್ಟು ಅದನ್ನ ಯಾರೂ ಮುಟ್ಟಬಾರದು ಅಂತ ನೀವ ಬರದೀರಿ."

ಡಬ್ಬಿಯಂತೆ! ನನ್ನ ಮನೆ ಹುಕ್ಕೇರಿಯಲ್ಲಿ. ಈಗಲೇ ದಿನಾ ಹುಕ್ಕೇರಿಯಿಂದ ಘಟಪ್ರಭಾ, ಅಲ್ಲಿ ಬಸ್ಸು ಬದಲಿಸಿ ಗೋಕಾಕ. ಅದರ ಮುಂದೆ ಮೂಡಲಗಿಯೂ ಎಂದರೆ ನಾಷ್ಟಾ ಒಂದು ತಾಲೂಕಿನಲ್ಲಿ, ಊಟ ಇನ್ನೊಂದರಲ್ಲಿ, ನಿದ್ದೆ ಬಸ್ಸಿನಲ್ಲಿ. ಆಗಲೇ ನಾನು ಕಾಲ ಮೇಲೆ ಕಾಲು ಹಾಕಿದ್ದು. ಯಂತ್ರ ಗೋಕಾಕದಲ್ಲೇ ಇರಲಿ, ಮೂಡಲಗಿಯ ಮಕ್ಕಳು ಅಲ್ಲಿಂದಲೇ ಕಂಪ್ಯೂಟರ್ ಮೂಲಕ ಅದನ್ನು ನಡೆಸುವ ವ್ಯವಸ್ಥೆ ಮಾಡಿಕೊಡುತ್ತೇನೆ, ಸಮಿತಿಯ ಮುಂದೆಯೇ ತೋರಿಸುತ್ತೇನೆ ಎಂದೆ. ಪ್ರಿನ್ಸಿಪಾಲರು ಒಪ್ಪಿದರು. ತೋರಿಸಲಾಗದಿದ್ದರೆ ಸೋಮವಾರ ಬೆಳಿಗ್ಗೆ ಜೀಪು ಬರುತ್ತದೆ ಎಂದೂ ಹೇಳಿದರು.

ಮನೆಗೆ ಬಂದು ಶಮಶಾದಳಿಗೆ ಹೇಳಿದೆ. ಶಮಶಾದ ನನ್ನ ಹೆಂಡತಿ, ಹುಕ್ಕೇರಿಯ ಕನ್ನಡ ಶಾಲೆಯ ಶಿಕ್ಷಕಿ. ನಮ್ಮ ಮನೆಯಲ್ಲಿ ಪ್ರೀತಿ ಬಂದಾಗ ಉರ್ದು, ಸಿಟ್ಟು ಬಂದಾಗ ಕನ್ನಡ. ಈ ಬರಹದಲ್ಲಿ ಅವಳ ಮಾತೆಲ್ಲ ಕನ್ನಡದಲ್ಲೇ ಇದೆ. ಅದರ ಮೇಲಿಂದ ಓದುಗರೇ ತಿಳಿದುಕೊಳ್ಳಬೇಕು.

"ಟೀವಿ ರಿಮೋಟಿಗೆ ಸೆಲ್ ಹಾಕಾಕ ಬರೂದಿಲ್ಲ ನಿಮಗ," ಎಂದಳು. "ಹೋದ ತಿಂಗಳ ಉಲ್ಟಾ ಹಾಕಿ, ಟೀವಿ ಕೆಟ್ಟೈತಿ ಅಂತ ರಿಪೇರಿಯವರನ್ನ ಕರಸಿದ್ರಿ."

"ಅದು ಬ್ಯಾರೆ, ಇದು ಬ್ಯಾರೆ."

"ಅದೂ ರಿಮೋಟ್, ಇದೂ ರಿಮೋಟ್. ಸುಮ್ಮ ಆ ಹುಡುಗೂರಿಗೆ ಡಬ್ಬಿ ಕಳಸಿಕೊಡ್ರಲಾ. ಕಲಿಯೂ ಮಕ್ಕಳು."

ನನ್ನ ಆಸಿಲೋಸ್ಕೋಪು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ, ಜೀಪಿನಲ್ಲಿ ಕುಲುಕುತ್ತ ಮೂಡಲಗಿ ರಸ್ತೆಯಲ್ಲಿ ಹೋಗುತ್ತಿರುವ ಚಿತ್ರ ಕಣ್ಣ ಮುಂದೆ ಬಂತು. ಈ ಮನೆಯಲ್ಲಿಯೂ ಅದನ್ನು ಡಬ್ಬಿ ಎನ್ನುತ್ತಾರಲ್ಲ ಎಂದು ಬಹಳ ಬೇಜಾರಾಯಿತು.

ಮರುದಿನ ಕಾರ್ಯಾರಂಭ. ಮೊದಲ ಹೆಜ್ಜೆಯಾಗಿ ಆಸಿಲೋಸ್ಕೋಪಿನ ಬೆನ್ನು ನೋಡಿದೆ. ಹನ್ನೊಂದು ವರ್ಷ ಅದರ ಮುಖ ನೋಡಿದವನು ಬೆನ್ನು ನೋಡಿರಲಿಲ್ಲ, ಗೋಡೆಗೆ ಹತ್ತಿಸಿ ಇಟ್ಟಿದ್ದೆ. ಅಲ್ಲಿ ಒಂದು ಜೇಡರ ಬಲೆ, ಬಲೆಯ ಹಿಂದೆ ಒಂದು ತೂತು ಇತ್ತು. ಚೌಕಾಕಾರದ ತೂತು, ಮೇಲಿನ ಎರಡು ಮೂಲೆ ಸವೆದ ಹಾಗೆ. ಕಂಪ್ಯೂಟರಿಗೆ ಜೋಡಿಸುವ ಕೇಬಲ್ ಹಾಕುವ ಜಾಗ ಇದೇ ಎಂದು ತಿಳಿಯಿತು. ಇಂಥ ಘನವಾದ ಯಂತ್ರಕ್ಕೆ ಅಷ್ಟೇ ಘನವಾದ ಕೇಬಲ್ ಬೇಕು ಎಂದು ತೀರ್ಮಾನಿಸಿ ಕಾಗದದ ಮೇಲೆ ಆ ತೂತಿನ ಚಿತ್ರ ಬರೆದುಕೊಂಡು ಹೊರಟೆ.

ಗೋಕಾಕದ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿಯವನಿಗೆ ಗಂಭೀರವಾಗಿ ಹೇಳಿದೆ, "ವೈಜ್ಞಾನಿಕ ಉಪಕರಣದ ನಿಯಂತ್ರಣ ಕೇಬಲ್ ಬೇಕಾಗಿತ್ರಿ." ಅವನು ಎದ್ದು ನಿಂತ. "ಅಂಥಾದ್ದು ನಮ್ಮ ಕಡೆ ಎಲ್ಲಿ ಬರಬೇಕ್ರಿ ಸರ್," ಎಂದು ಕೈಮುಗಿದ. ನನಗೂ ಹೆಮ್ಮೆಯಾಯಿತು. ಚಿತ್ರ ತೋರಿಸುವ ಗೊಡವೆಗೆ ಹೋಗಲಿಲ್ಲ. ಘಟಪ್ರಭಾದಲ್ಲಿ ಸ್ಟೇಷನ್ ರಸ್ತೆಯ ಅಂಗಡಿಯಲ್ಲೂ ಇದೇ ಮಾತು ಆಡಿ ಇದೇ ಉತ್ತರ ಪಡೆದೆ. ಭಾನುವಾರ ಸಂಕೇಶ್ವರಕ್ಕೆ ಹೋದೆ. ಅಲ್ಲಿ ಮೊದಲ ಸಲ ಚಿತ್ರ ತೋರಿಸಿದೆ. ಅಂಗಡಿಯ ಯಜಮಾನ ಅದನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, "ಮನಿ ನಕ್ಷೆ ಏನ್ರಿ ಇದು?" ಎಂದ. ಕೇಬಲ್ಲಿನದು ಎಂದು ಒತ್ತಿ ಹೇಳಿದ ಮೇಲೆ, ಕೊಲ್ಹಾಪುರದಿಂದ ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದ. ತರಿಸಿರಿ ಎಂದು ಹೇಳಿ ಬಂದೆ. ಅಷ್ಟರಲ್ಲಿ ನನ್ನ ಎಂಟು ದಿನದಲ್ಲಿ ಮೂರು ಖರ್ಚಾಗಿದ್ದವು.

ಸೋಮವಾರ ಲ್ಯಾಬಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಕಸ ಹೊಡೆಯುತ್ತಿದ್ದ ಕಲ್ಲಪ್ಪ ಮೇಜಿನ ಮೇಲಿದ್ದ ಚಿತ್ರ ನೋಡಿದ. ಕಲ್ಲಪ್ಪ ನಮ್ಮ ಲ್ಯಾಬಿನ ಅಟೆಂಡರ್. ಅವನೂ ನಾಗನೂರಿನವನೇ, ನನಗಿಂತ ವಯಸ್ಸಿನಲ್ಲಿ ದೊಡ್ಡವನು. ಹನ್ನೊಂದು ವರ್ಷ ನನ್ನ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು, ನಾನು ಗುಂಡಿ ತಿರುವುವುದನ್ನು ನೋಡಿದ್ದಾನೆ. ಖಂಡೇನವಮಿಯ ದಿನ ಯಂತ್ರಕ್ಕೆ ಹೂವಿನ ಮಾಲೆ ಹಾಕುವಾಗ ಮಾತ್ರ ಅವನಿಗೆ ಮುಟ್ಟಲು ಪರವಾನಗಿ. ಅದೂ ಮೇಲ್ಭಾಗ ಅಷ್ಟೇ.

"ಸರ್, ಇದು ಆಫೀಸಿನ ಪ್ರಿಂಟರ್ ವೈರಿನ ಬಾಯಿ ಇದ್ದಂಗ ಐತಲ್ರಿ," ಎಂದ.

"ಕಲ್ಲಪ್ಪಾ, ಇದು ಆಸಿಲೋಸ್ಕೋಪು. ಪ್ರಿಂಟರ್ ಅಲ್ಲ."

"ಹೌದ್ರಿ. ಆದರ ತೂತಿಗೆ ಅದು ಗೊತ್ತಿಲ್ರಿ."

ಅವನು ಹೋಗಿ ಆಫೀಸಿನ ಪ್ರಿಂಟರಿನ ಕೇಬಲ್ ತಂದ. ಹಾಕಿದೆ. ಟಕ್ಕನೆ ಕೂತಿತು. ಮೂರು ಊರು ಸುತ್ತಿದ ನನ್ನ ಚಪ್ಪಲಿ ನೋಡಿಕೊಂಡೆ. ಗೋಕಾಕದ ಪೇಟೆಗೆ ಹೋಗಿ ಅಂಥದೇ ಹೊಸದೊಂದು ತರಬಹುದಿತ್ತು. ಆದರೆ ಎದ್ದು ನಿಂತು ಕೈಮುಗಿದಿದ್ದ ಆ ಅಂಗಡಿಯವನ ಮುಂದೆ ಹೋಗಿ ಪ್ರಿಂಟರ್ ವೈರು ಕೊಡಪ್ಪಾ ಎಂದು ಕೇಳುವುದು ಹೇಗೆ? ಮಾನದ ಪ್ರಶ್ನೆ. ಆದ್ದರಿಂದ ಆಫೀಸಿನ ಕೇಬಲ್ಲನ್ನೇ ಇಟ್ಟುಕೊಂಡೆ. ಹೆಡ್ ಕ್ಲರ್ಕ್ ಶಾರದಾಬಾಯಿಯವರು ರಜೆಯ ಮೇಲಿದ್ದರು, ಕೇಳುವ ಪ್ರಸಂಗವೇ ಬರಲಿಲ್ಲ.

ಅಂದು ಸಂಜೆಯೇ ಪ್ರಥಮ ಪರೀಕ್ಷೆ. ಹುಕ್ಕೇರಿಯ ನನ್ನ ಮನೆಯಿಂದ ಗೋಕಾಕದ ಯಂತ್ರವನ್ನು ನಡೆಸುವುದು. ಲ್ಯಾಪ್‌ಟಾಪ್ ತೆರೆದೆ. ಯಂತ್ರಕ್ಕೆ ಜೋಡಿಸಿದ್ದ ಗೋಕಾಕದ ಲ್ಯಾಬಿನ ಕಂಪ್ಯೂಟರ್ ಸಿಗಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದು ಮಾಳಿಗೆ ಹತ್ತಿದೆ. ಅಲ್ಲಿ ಶಮಶಾದ ಹಪ್ಪಳ ಒಣಗಲು ಹಾಕಿದ್ದಳು. ಸಿಗ್ನಲ್ಲು ಹಿಡಿಯಲು ಲ್ಯಾಪ್‌ಟಾಪನ್ನು ತಲೆಯ ಮೇಲೆ ಎತ್ತಿಕೊಂಡು ಹಿಂದೆ ಹಿಂದೆ ಸರಿದೆ. ಹಪ್ಪಳದ ಮೇಲೆ ನಡೆದರೆ ಎಂಥ ಸದ್ದು ಬರುತ್ತದೆ ಎಂಬುದು ಅಂದೇ ಗೊತ್ತಾದದ್ದು. ಪಕ್ಕದ ಮಾಳಿಗೆಯವರು ಏನಾಯಿತೆಂದು ಎದ್ದು ನೋಡಿದರು. ಕೊನೆಗೆ ಕಲ್ಲಪ್ಪನಿಗೆ ಫೋನ್ ಹಚ್ಚಿದೆ.

"ಕಲ್ಲಪ್ಪಾ, ಕಂಪ್ಯೂಟರ್ ಚಾಲೂ ಐತೇನು?"

"ಇಲ್ರಿ. ಐದೂವರಿಗೆ ಮೇನ್ ಸ್ವಿಚ್ ಆರಿಸಿ ಕೀಲಿ ಹಾಕ್ಕೊಂಡ ಬಂದೇನ್ರಿ."

"ಯಾಕ ಆರಿಸಿದಿ?"

"ಬೋರ್ಡಿನ್ಯಾಗ ನೀವ ಬರದೀರಲ್ರಿ. ಕಡೀಕ ಹೋಗಾವ ಮೇನ್ ಆರಿಸಬೇಕು ಅಂತ. ಎರಡನೇ ನಿಯಮ."

ಮರುದಿನ ಮೇನ್ ಆರಿಸಬೇಡ ಎಂದೆ. ಬಾಯಿಮಾತು ನಡೆಯುವುದಿಲ್ಲ, ಬರೆದದ್ದನ್ನು ತಿದ್ದಿರಿ ಎಂದು ಕಲ್ಲಪ್ಪ ಹಟ ಹಿಡಿದ. ಎಣ್ಣೆಬಣ್ಣ ಅಳಿಸಲು ಬಾರದು. ಅದರ ಕೆಳಗೆ ಸುಣ್ಣದ ಕಡ್ಡಿಯಿಂದ, 'ಈ ಮೇಲ್ಕಾಣಿಸಿದ ಎರಡನೆಯ ನಿಯಮವನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ' ಎಂದು ಬರೆದು ಸಹಿ ಮಾಡಿದೆ. ಕಲ್ಲಪ್ಪ ಓದಿ ತಲೆಯಾಡಿಸಿದ.

ಎರಡನೆಯ ಪರೀಕ್ಷೆ ಯಶಸ್ವಿಯಾಯಿತು. ಹುಕ್ಕೇರಿಯ ಅಡುಗೆಮನೆಯಲ್ಲಿ ಲ್ಯಾಪ್‌ಟಾಪಿನ ಮೇಲೆ ಗೋಕಾಕದ ಅಲೆ ಮೂಡಿತು. ನನ್ನ ಸಂತೋಷ ಹೇಳತೀರದು. ಶಮಶಾದಳನ್ನು ಕೂಗಿ ಕರೆದೆ. ಅವಳು ಹಿಟ್ಟಿನ ಕೈಯಲ್ಲೇ ಬಂದಳು.

"ನೋಡು, ಇಲ್ಲಿ ಐದು ಅಂತ ಒತ್ತತೇನಿ, ಅಲ್ಲಿ ಅಲಿ ದೊಡ್ಡದು ಆಗತೈತಿ."

"ಆತು. ಅದರಿಂದ ಏನಾಗತೈತಿ?"

"ಏನೂ ಆಗೂದಿಲ್ಲ. ಅಲಿ ದೊಡ್ಡದು ಆಗತೈತಿ."

"ಇದರ ಸಲುವಾಗಿ ನನ್ನ ಹಪ್ಪಳ ಹೋದವೇನು?"

ಉತ್ತರ ಕೊಡುವಷ್ಟರಲ್ಲಿ ತೆರೆ ಕಪ್ಪಾಯಿತು. ಗೋಕಾಕದ ಕಂಪ್ಯೂಟರ್ ಮಲಗಿಬಿಟ್ಟಿತ್ತು. ಕಾಲು ಗಂಟೆ ಯಾರೂ ಮೌಸ್ ಅಲ್ಲಾಡಿಸದಿದ್ದರೆ ಅದಕ್ಕೆ ನಿದ್ದೆ. ಮರುದಿನ ಆ ನಿದ್ದೆಯ ಸೆಟ್ಟಿಂಗ್ ಬದಲಿಸಲು ಕೂತೆ. ಏನೇನೋ ಒತ್ತಿದೆ. ನಿದ್ದೆ ಹೋಗಲಿಲ್ಲ, ತೆರೆಯ ಮೇಲಿನದೆಲ್ಲ ತಲೆಕೆಳಗಾಯಿತು. ಅಕ್ಷರಗಳು ತಲೆಕೆಳಗು, ಬಾಣ ತಲೆಕೆಳಗು. ಮೌಸನ್ನು ಮೇಲೆ ಸರಿಸಿದರೆ ಬಾಣ ಕೆಳಗೆ ಇಳಿಯುತ್ತದೆ. ಒಂದು ತಾಸು ನಾನೂ ಕತ್ತು ಕೆಳಗೆ ಮಾಡಿಕೊಂಡು ಹೋರಾಡಿ, ಕತ್ತು ಉಳುಕಿಸಿಕೊಂಡೆ. ಕಲ್ಲಪ್ಪ ಬಂದು ನೋಡಿ, ಮಾನಿಟರನ್ನು ಎತ್ತಿ, ತಲೆಕೆಳಗು ಮಾಡಿ, ಗೋಡೆಗೆ ಆನಿಸಿ ಇಟ್ಟ. ಎಲ್ಲ ಸರಿಹೋಯಿತು.

"ಇನ್ನ ನಿದ್ದಿದು," ಎಂದ ಕಲ್ಲಪ್ಪ, "ಹತ್ತ ಹತ್ತ ನಿಮಿಷಕ್ಕ ಬಂದು ನಾ ಇಲಿ ಅಲ್ಲಾಡಸ್ತೇನ್ರಿ."

ಒಪ್ಪಿದೆ. ಹೀಗೆ ನನ್ನ ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಮೇನ್ ಸ್ವಿಚ್ ಕಾಯುವುದು, ಮೌಸ್ ಅಲ್ಲಾಡಿಸುವುದು, ಮಾನಿಟರ್ ಜಾರದಂತೆ ಇಟ್ಟಿಗೆ ಕೊಡುವುದು, ನೆಟ್ ಹೋದಾಗ ಪೆಟ್ಟಿಗೆಯ ವೈರು ಕಿತ್ತು ಹಾಕುವುದು, ಇಷ್ಟು ಮಾತ್ರ ಕಲ್ಲಪ್ಪನ ಪಾಲಿಗೆ ಬಂದವು. ಉಳಿದದ್ದೆಲ್ಲ ತಂತಾನೇ ನಡೆಯುತ್ತಿತ್ತು. ಶುಕ್ರವಾರ ಸಂಜೆ ಪ್ರಿನ್ಸಿಪಾಲರಿಗೆ, ವ್ಯವಸ್ಥೆ ಸಿದ್ಧ ಎಂದು ವರದಿ ಕೊಟ್ಟೆ. ಮತ್ತೆ ಕಾಲ ಮೇಲೆ ಕಾಲು ಹಾಕಿಕೊಂಡಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ.

ಶನಿವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಮಿತಿಗೆಂದು ಗೋಕಾಕದ ಕರದಂಟಿನ ಪೊಟ್ಟಣ ಕಟ್ಟಿಸಿಕೊಂಡು ಮೂಡಲಗಿಗೆ ಹೋದೆ. ಲ್ಯಾಬಿನಲ್ಲಿ ದೊಡ್ಡ ಪರದೆ ಕಟ್ಟಿಸಿದೆ. ಗೋಕಾಕದ ಲ್ಯಾಬಿನಲ್ಲಿ ನನ್ನ ಹಳೆಯ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಆಸಿಲೋಸ್ಕೋಪಿನ ಮುಖ ಕಾಣುವಂತೆ ವೀಡಿಯೋ ಕಾಲ್ ವ್ಯವಸ್ಥೆಯನ್ನೂ ಮಾಡಿದ್ದೆ. ಲಕ್ಷ್ಮೀ ಮತ್ತು ಉಳಿದ ವಿದ್ಯಾರ್ಥಿಗಳು ಸಾಲಾಗಿ ಕೂತರು. ಸಮಿತಿ ಬರಲು ಇನ್ನು ಇಪ್ಪತ್ತು ನಿಮಿಷವಿತ್ತು. ಆಗ ಕಲ್ಲಪ್ಪನ ಫೋನ್ ಬಂತು. ನಾನು ಹೊರಗೆ ಬೇವಿನ ಗಿಡದ ಕೆಳಗೆ ಹೋದೆ.

"ಸರ್, ಶಾರದಾಬಾಯಾರು ವೈರ್ ಒಯ್ದರ್ರಿ."

"ಯಾವ ವೈರು?"

"ಅದರ್ರಿ, ಪ್ರಿಂಟರಿಂದು. ಇವತ್ತ ಪರೀಕ್ಷಾ ಫಾರ್ಮ್ ಪ್ರಿಂಟ್ ಮಾಡಾಕ ಕಡೀ ದಿವಸ ಅಂತ. ರಜಾ ಮುಗಿಸಿ ಬಂದಾಗಿಂದ ನನ್ನ ವೈರು ಯಾರು ಕದ್ದಾರು ಅಂತ ಹುಡಕಾಕತ್ತಿದ್ದರಂತ. ನಿಮ್ಮ ಹೆಸರ ಹೇಳಿದ್ನಿ. ಭಾಳ ಬೈದರ್ರಿ."

ಶಾರದಾಬಾಯಿಯವರಿಗೆ ಫೋನ್ ಮಾಡಿದೆ. "ಸರ್, ಪ್ಯಾಟ್ಯಾಗ ಯಾವ ಅಂಗಡ್ಯಾಗರ ಸಿಗತೈತಲ್ರಿ ಅದು," ಎಂದು ಹೇಳಿ ಇಟ್ಟುಬಿಟ್ಟರು. ಈಗ ಕಲ್ಲಪ್ಪನನ್ನು ಪೇಟೆಗೆ ಕಳಿಸಿದರೆ ಯಂತ್ರದ ಹತ್ತಿರ ಯಾರೂ ಇಲ್ಲ. ಗೇಟಿನಲ್ಲಿ ಸಮಿತಿಯ ಕಾರು ಕಾಣಿಸಿತು. ಸೋಮವಾರದ ಜೀಪೂ ಕಾಣಿಸಿದ ಹಾಗಾಯಿತು.

"ಕಲ್ಲಪ್ಪಾ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನೀನ ಕೈಲೆ ತಿರುವಬೇಕು."

"ಮುಟ್ಟಲೇನ್ರಿ?"

"ಮುಟ್ಟು."

"ಗುಂಡೀನೂ?"

"ಗುಂಡೀನೂ. ಲಗೂನ ಹೇಳತೇನಿ ಕೇಳು. ವೀಡಿಯೋದಾಗ ನನ್ನ ದನಿ ನಿನಗ ಕೇಳಸತೈತಿ. ನಾ ಒಂದ ಸಲ ಕೆಮ್ಮಿದರ ಅಲಿ ದೊಡ್ಡದು ಮಾಡು, ಬಲಕ್ಕ ತಿರುವು. ಎರಡ ಸಲ ಕೆಮ್ಮಿದರ ಸಣ್ಣದು ಮಾಡು, ಎಡಕ್ಕ ತಿರುವು. ಕ್ಯಾಮೆರಾದಾಗ ಕೈ ಕಾಣಬಾರದು. ಬಾಯಿ ಬಿಡಬಾರದು."

"ತಡೀರಿ ಸರ್, ಕೈ ತೊಳಕೊಂಡ ಬರತೇನಿ," ಎಂದ ಕಲ್ಲಪ್ಪ.

ಸಮಿತಿಯಲ್ಲಿ ಇಬ್ಬರಿದ್ದರು. ಅಧ್ಯಕ್ಷರು ಬಿಳಿಗೂದಲಿನ ಒಬ್ಬರು ಮೇಡಂ, ಕನ್ನಡಕದ ಮೇಲಿನಿಂದ ನೋಡುವವರು. ಇನ್ನೊಬ್ಬರು ದಪ್ಪ ಮೈಯ ಸದಸ್ಯರು, ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಆ ಮಫ್ಲರ್ ನೋಡಿದಾಗಲೇ ನಾನು ಎಚ್ಚರವಾಗಬೇಕಿತ್ತು. ಆಗಲಿಲ್ಲ.

ಪರದೆಯ ಮೇಲೆ ಆಸಿಲೋಸ್ಕೋಪ್ ಕಾಣಿಸಿತು. ತೆರೆಯಲ್ಲಿ ಹಸಿರು ಅಲೆ ನಿಂತಿತ್ತು. ನಾನು ಎರಡು ಮಾತಿನ ಪ್ರಸ್ತಾವನೆ ಮಾಡಿ, "ಈಗ ಮೂಡಲಗಿಯಿಂದ ಗೋಕಾಕದ ಯಂತ್ರಕ್ಕೆ ಆದೇಶ ನೀಡುತ್ತೇನೆ," ಎಂದು ಲ್ಯಾಪ್‌ಟಾಪಿನಲ್ಲಿ ಐದರ ಗುಂಡಿ ಒತ್ತಿ, ಮರ್ಯಾದೆಯಿಂದ ಒಂದು ಸಲ ಕೆಮ್ಮಿದೆ. ಅಲೆ ದೊಡ್ಡದಾಯಿತು. ಎಷ್ಟು ಬೇಕೋ ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಎರಡು ಒತ್ತಿ, ಎರಡು ಸಲ ಕೆಮ್ಮಿದೆ. ಅಲೆ ಸಣ್ಣದಾಯಿತು. ಕೇಬಲ್ಲಿನಿಂದ ನಾನು ಮಾಡಿದಾಗಲೂ ಇಷ್ಟು ಚೆನ್ನಾಗಿ ಆಗಿರಲಿಲ್ಲ.

"ಭಾಳ ಚಲೋ," ಎಂದು ಮೆಚ್ಚಿ ಮಫ್ಲರಿನವರು ಮುಂದೆ ಬಾಗಿದರು. ಬಾಗಿದವರೇ ಕೆಮ್ಮಿದರು.

ಅಲೆ ದೊಡ್ಡದಾಯಿತು.

ಅವರು ಬೆರಗಾಗಿ ಪರದೆ ನೋಡಿದರು. ಮತ್ತೆ ಕೆಮ್ಮು ಬಂತು, ಈ ಸಲ ಎರಡು. ಅಲೆ ಸಣ್ಣದಾಯಿತು. "ದನಿಗೂ ನಡೀತೈತೇನ್ರಿ ಇದು?" ಎಂದು ಕೇಳಿದರು. ಸತ್ಯ ಹೇಳಲು ಅದು ಒಳ್ಳೆಯ ಸಮಯವಾಗಿತ್ತು. ನಾನು, "ಹೌದು, ಹೆಚ್ಚುವರಿ ಸೌಲಭ್ಯ," ಎಂದೆ.

ಅಷ್ಟರಲ್ಲಿ ಗೋಕಾಕದ ಒಂದು ನೊಣ ಬಂದು ಆಸಿಲೋಸ್ಕೋಪಿನ ತೆರೆಯ ಮೇಲೆ ಕೂತಿತು. ಲ್ಯಾಬಿನ ಮೇಜು ಬೆಂಚು ಒರೆಸಿದ ಹನ್ನೊಂದು ವರ್ಷದ ಅಭ್ಯಾಸ, ಕಲ್ಲಪ್ಪನಿಗೆ ತಡೆಯಲಾಗಲಿಲ್ಲ. ದೊಡ್ಡ ಪರದೆಯ ತುಂಬ ಒಂದು ಹಸ್ತ ಬಂತು, ಹೆಗಲ ಮೇಲಿನ ಟಾವೆಲ್ಲಿನ ತುದಿಯಿಂದ ನೊಣ ಹೊಡೆದು, ತೆರೆಯನ್ನೂ ಒರೆಸಿ ಹೋಯಿತು.

ಅಧ್ಯಕ್ಷೆ ಮೇಡಂ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಅದೇನು?"

"ಸ್ವಯಂಚಾಲಿತ ಸ್ವಚ್ಛತಾ ವ್ಯವಸ್ಥೆ," ಎಂದು ನನ್ನ ಬಾಯಿ ಹೇಳಿತು. ನನ್ನನ್ನು ಕೇಳದೆಯೇ ಹೇಳಿತು.

"ಅದಕ್ಕೆ ಮುಂಗೈಯಲ್ಲಿ ಕೆಂಪು ದಾರ ಕಟ್ಟಿದೆ."

ನನಗೆ ಭಯಕ್ಕೆ ಗಂಟಲು ಒಣಗಿ ನಿಜವಾದ ಕೆಮ್ಮೇ ಬಂದುಬಿಟ್ಟಿತು. ಅದೇ ಹೊತ್ತಿಗೆ ಮಫ್ಲರಿನವರಿಗೂ ಬಂತು. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಯ್ದು ಕಿಟಕಿಯಿಂದ ಧೂಳು ನುಗ್ಗಿತು, ಹಿಂದಿನ ಬೆಂಚಿನಲ್ಲಿ ಮೂವರು ವಿದ್ಯಾರ್ಥಿಗಳೂ ಸೇರಿಕೊಂಡರು. ಪರದೆಯ ಮೇಲೆ ಅಲೆ ಏರಿತು, ಇಳಿಯಿತು, ಏರಿತು, ತೆರೆಯ ಹೊರಗೆ ಹೋಯಿತು, ಅಡ್ಡ ಬಿತ್ತು, ಎದ್ದಿತು. ಯಾರ ಕೆಮ್ಮು ಯಾರದೋ ಗೊತ್ತಾಗದ ಆ ಗದ್ದಲದಲ್ಲಿ ಮೂಡಲಗಿಯ ಲ್ಯಾಬಿನ ಸ್ಪೀಕರಿನಿಂದ ಗೋಕಾಕದ ದನಿಯೊಂದು ಕೇಳಿಸಿತು.

"ಸರ್, ಸ್ವಲ್ಪ ತಡೀರಿ. ಯಾರ ಕೆಮ್ಮು ಹಿಡೀಲ್ರಿ? ಭಾಳ ಮಂದಿ ಕೆಮ್ಮಾಕತ್ತೀರಿ."

ಆಮೇಲೆ ಯಾರೂ ಕೆಮ್ಮಲಿಲ್ಲ.

ನಾನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಪ್ರಿಂಟರ್ ವೈರು, ಶಾರದಾಬಾಯಿ, ಇಟ್ಟಿಗೆ, ಹಪ್ಪಳ ಸಹಿತ. ಹಪ್ಪಳದ ವಿಷಯ ಯಾಕೆ ಹೇಳಿದೆನೋ ಗೊತ್ತಿಲ್ಲ, ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ವಿದ್ಯಾರ್ಥಿಗಳ ಮುಂದೆ ಹಾಗೆ ನಿಂತಾಗ ನನಗಾದ ನಾಚಿಕೆ ವೈರಿಗೂ ಬೇಡ. ಲಕ್ಷ್ಮೀ ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು, ಅವಳ ಭುಜ ಅಲುಗುತ್ತಿತ್ತು.

ಮೇಡಂ ನಗಲಿಲ್ಲ. ಪರದೆಯ ಕಡೆ ತಿರುಗಿ, "ಅಲ್ಲಿ ಇರುವವರ ಹೆಸರೇನು?" ಎಂದರು.

"ಕಲ್ಲಪ್ಪ ಅಂತಾರ್ರಿ. ಲ್ಯಾಬ್ ಅಟೆಂಡರ್ರಿ."

"ಕಲ್ಲಪ್ಪನವರೇ, ಈಗ ಅಲೆ ಅಡ್ಡ ಬಿತ್ತಲ್ಲ, ಯಾಕೆ ಹಾಗಾಯಿತು?"

"ನಾ ಗಡಬಡಿಯಾಗ ಬಾಜೂ ಗುಂಡಿ ತಿರುವಿದ್ನಿ ಅಕ್ಕಾರ. ಅಲಿ ಸತ್ತಿಲ್ರಿ, ಅಲ್ಲೇ ಐತಿ. ಅಳತಿ ದೊಡ್ಡದು ಮಾಡಿದರ ಅಲಿ ಸಣ್ಣದು ಕಾಣತೈತಿ. ಗುಡ್ಡ ದೂರದಿಂದ ನೋಡಿದರ ಸಣ್ಣದು ಕಾಣೂದಿಲ್ಲೇನ್ರಿ, ಹಂಗ. ಗುಡ್ಡ ಅಷ್ಟ ಇರತೈತಿ."

ಲಕ್ಷ್ಮೀ ದುಪಟ್ಟಾ ಕೆಳಗಿಳಿಸಿ ಎದ್ದು ನಿಂತಳು. "ಕಾಕಾ, ಹಂಗಾರ ಬಾಜೂ ಗುಂಡಿ ಅಲಿ ಬದಲಿ ಮಾಡೂದಿಲ್ಲ, ನಾವು ನೋಡೂದು ಬದಲಿ ಮಾಡತೈತಿ, ಹೌದಲ್ರಿ?"

"ಹೌದ ನೋಡವಾ."

ಇದೇ ಪಾಠವನ್ನು ನಾನು ಆ ಮಕ್ಕಳಿಗೆ ಎರಡು ವರ್ಷ ಕಲಿಸಿದ್ದೆ, ಎರಡು ಬೋರ್ಡು ತುಂಬ ಸೂತ್ರ ಬರೆದು. ಯಾರೂ ಎದ್ದು ನಿಂತು ಪ್ರಶ್ನೆ ಕೇಳಿರಲಿಲ್ಲ. ಮುಂದೆ ಅರ್ಧ ತಾಸು ಮೂಡಲಗಿಯ ವಿದ್ಯಾರ್ಥಿಗಳು ಕೇಳಿದರು, ಗೋಕಾಕದ ಕಲ್ಲಪ್ಪ ತಿರುವಿದ, ಹೇಳಿದ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ನಾನು ಒಂದು ಮೂಲೆಯಲ್ಲಿ ಕೂತು, ಯಾರೂ ಕೇಳದಿದ್ದರೂ ಕರದಂಟಿನ ಪೊಟ್ಟಣ ಬಿಚ್ಚಿ ಹಂಚಿದೆ.

ಹೋಗುವಾಗ ಮೇಡಂ ನನ್ನನ್ನು ಕರೆದರು. "ಯಂತ್ರ ಎಲ್ಲಿರಬೇಕು ಅನ್ನುತ್ತೀರಿ?"

"ಗೋಕಾಕದಲ್ಲಿ," ಎಂದೆ, ಸಣ್ಣ ದನಿಯಲ್ಲಿ.

"ಇರಲಿ. ನೀವು ಮೂಡಲಗಿಗೆ ಬರುವುದೂ ಬೇಡ. ವ್ಯವಸ್ಥೆ ಒಳ್ಳೆಯದಿದೆ, ಮುಂದುವರಿಸಿ. ಒಂದೇ ಬದಲಾವಣೆ. ತಿಳಿಸಿ ಹೇಳುವವರು ಮಕ್ಕಳ ಹತ್ತಿರ ಇರಲಿ. ಗುಂಡಿ ತಿರುವುವವರು ಯಂತ್ರದ ಹತ್ತಿರ ಇರಲಿ."

ಪ್ರಿನ್ಸಿಪಾಲರು ಆ ಮಾತನ್ನು ಸೋಮವಾರವೇ ಆದೇಶವಾಗಿ ಹೊರಡಿಸಿದರು. ಜೀಪು ಬರಲಿಲ್ಲ. ನಾನು ಕೇಳಿದ್ದೆಲ್ಲ ನನಗೆ ಸಿಕ್ಕಿತು: ಆಸಿಲೋಸ್ಕೋಪ್ ಗೋಕಾಕದಲ್ಲಿ ಉಳಿಯಿತು, ಮೂಡಲಗಿಯ ಬಸ್ಸು ಹತ್ತುವುದು ತಪ್ಪಿತು, ನನ್ನ ಹೊರತು ಯಾರೂ ಗುಂಡಿ ಮುಟ್ಟಬಾರದೆಂಬ ಬೋರ್ಡೂ ಹಾಗೆಯೇ ಇದೆ. ಈಗ ಪ್ರತಿ ಶನಿವಾರ ಕಲ್ಲಪ್ಪನವರು ನಾಗನೂರಿನ ಮನೆಯಿಂದ ನೇರವಾಗಿ ಮೂಡಲಗಿಗೆ ಹೋಗುತ್ತಾರೆ. ಮಕ್ಕಳ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಗೋಕಾಕದಲ್ಲಿ, ಫೋನಿನ ಸ್ಟ್ಯಾಂಡಿನ ಪಕ್ಕದಲ್ಲಿ, ಕೈ ತೊಳೆದುಕೊಂಡು ನಿಂತಿರುತ್ತೇನೆ.

ಕೊಲ್ಹಾಪುರದ ಕೇಬಲ್ ಬಂತು. ತಕ್ಷಣ ಮೂಡಲಗಿಗೆ ಫೋನ್ ಮಾಡಿ, ಇನ್ನು ನೀವೇ ಕಂಪ್ಯೂಟರಿನಿಂದ ನಡೆಸಬಹುದು ಎಂದು ಉತ್ಸಾಹದಿಂದ ಹೇಳಿದೆ. ಲಕ್ಷ್ಮೀ ಉಳಿದವರನ್ನು ಕೇಳಿ ಬಂದು ಉತ್ತರ ಕೊಟ್ಟಳು.

"ಕೇಬಲ್ ಬ್ಯಾಡ್ರಿ ಸರ್. ಕೇಬಲ್ ತಪ್ಪು ಮಾಡೂದಿಲ್ರಿ. ನೀವು ಮಾಡತೀರಿ. ನಿಮ್ಮ ತಪ್ಪು ಹುಡುಕೂದ್ರಾಗ ನಮಗ ಪ್ರಯೋಗ ಪೂರಾ ತಿಳೀತೈತ್ರಿ."

ಮನೆಗೆ ಬಂದು ಶಮಶಾದಳಿಗೆ ಇದನ್ನು ಹೇಳಿದೆ. ಸಮಾಧಾನದ ಮಾತು ಸಿಗಬಹುದೆಂಬ ಆಸೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಕ್ಕು ಮುಗಿದ ಮೇಲೆ, "ರಿಮೋಟ್ ಕಂಟ್ರೋಲ್ ಅಂತಿದ್ರಲಾ, ಖರೇನ ಆತ್ ನೋಡ್ರಿ," ಎಂದಳು. ಈ ಸಲ ಸಿಟ್ಟಿರಲಿಲ್ಲ, ಆದರೂ ಕನ್ನಡದಲ್ಲೇ ಹೇಳಿದಳು.

ಇವತ್ತು ಶನಿವಾರ. ಪ್ರಯೋಗದ ನಡುವೆ ಬಿಡುವು ಸಿಕ್ಕಾಗ ಲ್ಯಾಬಿನ ಮೇಜಿನ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ವ್ಯವಸ್ಥೆ ಈಗ ಒಳ್ಳೆಯ ರೀತಿಯಲ್ಲಿ ನಡೆಯುತ್ತಿದೆ, ಒಂದು ಸಲವೂ ಕೆಟ್ಟಿಲ್ಲ. ಬಾಯಿಂದ ಹೇಳಿದರೆ ಸಾಕು ಎಂದರೂ ಮಕ್ಕಳು ಹಳೆಯ ಸಂಕೇತವನ್ನು ಬಿಡಲೊಲ್ಲರು. ಇದೀಗ ಮೂಡಲಗಿಯಿಂದ ಎರಡು ಕೆಮ್ಮು ಕೇಳಿಸಿದವು. ಏಳಬೇಕು, ಎಡಕ್ಕೆ ತಿರುವಬೇಕು.